ಕುಂಡದ ಬಣ್ಣ ಏಳುತ್ತಿದೆಯೇ? ಹೊಸ ಡಬ್ಬ ತರುವ ಮುಂಚೆ ಹಕ್ಕಳೆ ತಿರುಗಿಸಿ ನೋಡಿ

ಬಣ್ಣ ಹಚ್ಚಿದ ಮಣ್ಣಿನ ಕುಂಡ ಮುಂಬಯಿಯ ಬಾಲ್ಕನಿಯಲ್ಲಿ ಒಂದು ಮಳೆಗಾಲ ದಾಟುವುದು ಸುಲಭ ಅಲ್ಲ. ದೀಪಾವಳಿಗೆ ಹಚ್ಚಿದ ಬಣ್ಣ ಮೇ ತನಕ ಚೆನ್ನಾಗಿಯೇ ಇರುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಶುರು. ಒಂದು ಕಡೆ ಗುಳ್ಳೆ, ಇನ್ನೊಂದು ಕಡೆ ಹಕ್ಕಳೆ, ಬುಡದ ಹತ್ತಿರ ಬಿಳಿ ಪುಡಿ. ಆಗ ಸಾಮಾನ್ಯವಾಗಿ ಬೈಗುಳ ತಿನ್ನುವುದು ಬಣ್ಣ. ನಮ್ಮ ಕಟ್ಟಡದ ಮೂರನೇ ಮಹಡಿಯ ಕುಂದಾಪುರದ ಅಕ್ಕ ಕೂಡ ಹಾಗೇ ತೀರ್ಪು ಕೊಟ್ಟಿದ್ದರು: "ಪೇಂಟೇ ಸಮ ಇಲ್ಲ ಮಾರಾಯ್ತಿ, ಬೇರೆ ಕಂಪನಿದು ತರ್ಬೇಕು."

ತರಬಹುದು. ಅದೂ ಏಳುತ್ತದೆ. ಮಣ್ಣಿನ ಕುಂಡದ ವಿಷಯದಲ್ಲಿ ತಪ್ಪು ಡಬ್ಬದ ಒಳಗಿರುವುದು ಅಪರೂಪ. ಬಹಳ ಸಲ ಅದು ಕುಂಡದ ಗೋಡೆಯೊಳಗೆ ಕೂತ ನೀರಿನಲ್ಲಿ, ಇಲ್ಲವೇ ಬಣ್ಣದ ಕೆಳಗೆ ಉಳಿದ ದೂಳಿನಲ್ಲಿ ಇರುತ್ತದೆ. ಯಾವುದು ಅಂತ ಗೊತ್ತಾಗಲು ಹತ್ತು ನಿಮಿಷ ಸಾಕು. ಬೇಕಾಗುವುದು ಒಂದು ಚಾಕು, ಸೆಲೋಟೇಪು, ಸ್ವಲ್ಪ ವಿನೆಗರ್, ಮನೆಯಲ್ಲಿ ಉಳಿದಿರುವ ಸ್ಯಾನಿಟೈಸರ್, ಅಷ್ಟೇ.

ಮೊದಲು ಜಾಗ ನೋಡಿ

ಕುಂಡವನ್ನು ಬೆಳಕಿಗೆ ತಂದು ಸುತ್ತ ತಿರುಗಿಸಿ ನೋಡಿ. ಎಲ್ಲಿ ಹಾಳಾಗಿದೆ ಅನ್ನುವುದೇ ಅರ್ಧ ಉತ್ತರ.

ಬುಡದಲ್ಲಿ ಬಳೆಯ ಹಾಗೆ ಸುತ್ತಲೂ ಎದ್ದಿದೆಯೇ? ಹಾಗಾದರೆ ತಪ್ಪು ಕೆಳಗಿನ ತಟ್ಟೆಯದು. ತಟ್ಟೆಯಲ್ಲಿ ನಿಂತ ನೀರನ್ನು ಕುಂಡದ ಬುಡ ಹೀರಿಕೊಂಡು ಮೇಲೆ ಎಳೆಯುತ್ತದೆ. ಮೂರು ಹೆಂಚಿನ ಚೂರಿಟ್ಟು ಅದರ ಮೇಲೆ ಕುಂಡ ಕೂರಿಸಿ, ಬುಡಕ್ಕೆ ಗಾಳಿ ಆಡಲಿ. ಮಳೆಗಾಲದಲ್ಲಿ ತಟ್ಟೆಯನ್ನೇ ತೆಗೆದುಬಿಡುವುದು ಇನ್ನೂ ಒಳ್ಳೆಯದು. ಡೆಂಗ್ಯೂ ಸೊಳ್ಳೆ ಹುಡುಕಿಕೊಂಡು ಪಾಲಿಕೆಯವರು ಬಂದಾಗ ಬಗ್ಗಿ ನೋಡುವ ಜಾಗಗಳಲ್ಲಿ ಈ ತಟ್ಟೆಯೂ ಒಂದು.

ಬಾಯಿಯ ಅಂಚಿನಲ್ಲಿ ಮಾತ್ರ ಎದ್ದಿದ್ದರೆ ಅದು ನೀರು ಹಾಕುವಾಗ ಚೆಲ್ಲಿದ್ದು, ಎತ್ತಿ ಇಡುವಾಗ ಬೆರಳು ತಾಗಿದ್ದು. ಜೊತೆಗೆ ಅಂಚಿನ ಒಳಮೈಗೆ ಬಣ್ಣ ಇಲ್ಲದಿದ್ದರೆ ನೀರು ಅಲ್ಲಿಂದ ಬಣ್ಣದ ಹಿಂದೆ ನುಗ್ಗುತ್ತದೆ. ಬಣ್ಣವನ್ನು ಅಂಚು ದಾಟಿಸಿ ಒಳಗೆ ಎರಡು ಬೆರಳಿನಷ್ಟು ಇಳಿಸಿದರೆ ಸಾಕು.

ಒಂದೇ ಪಕ್ಕ, ಅದೂ ಪಶ್ಚಿಮದ ಕಡೆ ಮಾತ್ರ ಬಣ್ಣ ಮಾಸಿದ್ದರೆ ಅದು ಬಿಸಿಲು. ಅದಕ್ಕೆ ಕೆರೆಯುವುದು, ತೊಳೆಯುವುದು ಏನೂ ಬೇಡ. ಫ್ಲೋರೊಸೆಂಟ್ ಗುಲಾಬಿ, ಕಣ್ಣು ಕುಕ್ಕುವ ನೇರಳೆ, ಇವು ಎಷ್ಟೇ ದುಡ್ಡು ಕೊಟ್ಟು ತಂದರೂ ಬಿಸಿಲಿಗೆ ನಿಲ್ಲುವುದಿಲ್ಲ. ಕೆಮ್ಮಣ್ಣಿನ ಕೆಂಪು, ಹಳದಿ ಮಣ್ಣಿನ ಬಣ್ಣ, ಕಪ್ಪು, ಬಿಳಿ ಇವು ನಿಲ್ಲುತ್ತವೆ. ಕಬ್ಬಿಣದ ಆಕ್ಸೈಡಿನ ಬಣ್ಣಗಳು ಬಿಸಿಲಿಗೆ ಸುಲಭಕ್ಕೆ ಬಗ್ಗುವುದಿಲ್ಲ.

ಅಲ್ಲೊಂದು ಇಲ್ಲೊಂದು, ಹೊಟ್ಟೆಯ ಭಾಗದಲ್ಲಿ ಗುಳ್ಳೆ ಎದ್ದಿದ್ದರೆ ವಿಷಯ ಸ್ವಲ್ಪ ದೊಡ್ಡದು. ಮುಂದೆ ಹೇಳುತ್ತೇನೆ.

ಹಕ್ಕಳೆ ತಿರುಗಿಸಿ

ಎದ್ದ ಬಣ್ಣದ ಒಂದು ಹಕ್ಕಳೆಯನ್ನು ಚಾಕುವಿನ ತುದಿಯಿಂದ ಮೆಲ್ಲಗೆ ಎಬ್ಬಿಸಿ ಅಂಗೈ ಮೇಲೆ ಮಗುಚಿ ಇಡಿ. ಎಲ್ಲರೂ ಬಣ್ಣದ ಮುಖ ನೋಡುತ್ತಾರೆ. ಕಾರಣ ಇರುವುದು ಅದರ ಬೆನ್ನಿನಲ್ಲಿ.

ಬೆನ್ನಿಗೆ ಕೆಂಪು ಪುಡಿ ಹತ್ತಿಕೊಂಡಿದೆಯೇ? ಬೆರಳಿನಲ್ಲಿ ಉಜ್ಜಿದರೆ ಕುಂಕುಮದ ಹಾಗೆ ಬೆರಳಿಗೆ ಬರುತ್ತದೆಯೇ? ಇದು ಇಲ್ಲಿ ಬಹಳ ಸಲ ಕಾಣುವ ಕಾಯಿಲೆ. ನರ್ಸರಿಯಲ್ಲಿ, ರಸ್ತೆ ಬದಿಯಲ್ಲಿ ಮಾರುವ ಎಷ್ಟೋ ಕುಂಡಗಳಿಗೆ ಹೊಸದಾಗಿ ಕಾಣಲಿ ಅಂತ ಮೊದಲೇ ಕೆಮ್ಮಣ್ಣಿನ ನೀರು ಬಳಿದಿರುತ್ತಾರೆ. ಅದು ಬಣ್ಣ ಅಲ್ಲ, ದೂಳು. ಹಿಡಿದಿಡುವ ಅಂಟು ಅದರಲ್ಲಿ ಇಲ್ಲ, ಇದ್ದರೂ ನೆಪಕ್ಕೆ. ಅದರ ಮೇಲೆ ನೀವು ಎಷ್ಟೇ ಒಳ್ಳೆಯ ಅಕ್ರಿಲಿಕ್ ಹಚ್ಚಿದರೂ ಬಣ್ಣ ಹಿಡಿಯುವುದು ದೂಳನ್ನು, ಕುಂಡವನ್ನಲ್ಲ. ಕುಂಡ ಕೊಳ್ಳುವಾಗಲೇ ಒದ್ದೆ ಬೆರಳು ಆಡಿಸಿ ನೋಡಿ. ಬೆರಳು ಕೆಂಪಾದರೆ ಮನೆಗೆ ತಂದ ಕೂಡಲೇ ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆಯಬೇಕು, ನೀರು ತಿಳಿ ಬರುವ ತನಕ. ಧಾರಾವಿಯ ಕುಂಬಾರವಾಡದಲ್ಲಿ ಬಳಿಯದ, ಗೂಡಿನಿಂದ ಬಂದ ಹಾಗೇ ಇರುವ ಕುಂಡ ಕೇಳಿ ತಂದರೆ ಈ ಕೆಲಸವೇ ತಪ್ಪುತ್ತದೆ.

ಪುಡಿ ಬರುತ್ತಿದೆ, ಆದರೆ ಎಷ್ಟು ತೊಳೆದರೂ ಮುಗಿಯುತ್ತಿಲ್ಲ ಅಂತಾದರೆ ಕುಂಡವೇ ಸರಿಯಾಗಿ ಬೆಂದಿಲ್ಲ. ಒಣ ಕುಂಡವನ್ನು ಗೆಣ್ಣಿನಿಂದ ತಟ್ಟಿ. ಚೆನ್ನಾಗಿ ಬೆಂದದ್ದು ಠಣ್ ಅನ್ನುತ್ತದೆ, ಅರೆಬೆಂದದ್ದು ದಬ್ ಅನ್ನುತ್ತದೆ. (ಬಿರುಕು ಬಿಟ್ಟದ್ದೂ ದಬ್ ಅನ್ನುತ್ತದೆ. ಒಳಗೆ ನೀರು ತುಂಬಿಸಿ, ಹೊರಗೆ ಗೆರೆಯ ಹಾಗೆ ಒದ್ದೆ ಮೂಡಿದರೆ ಅದು ಬಿರುಕು.) ಅರೆಬೆಂದ ಕುಂಡಕ್ಕೆ ಬಣ್ಣದ ಖರ್ಚು ದಂಡ. ಅದರಲ್ಲಿ ಸುಮ್ನೆ ದೊಡ್ಡಪತ್ರೆ ನೆಟ್ಟು ಹಾಗೇ ಬಿಡಿ.

ಬೆನ್ನು ನುಣ್ಣಗೆ, ಗಾಜಿನ ಹಾಗೆ ಚೊಕ್ಕವಾಗಿದೆಯೇ? ಹಾಗಾದರೆ ಬಣ್ಣಕ್ಕೆ ಹಿಡಿತವೇ ಸಿಕ್ಕಿಲ್ಲ. ಕೆಳಗೆ ಎಣ್ಣೆ ಜಿಡ್ಡು ಇತ್ತು, ಹಳೆಯ ಹೊಳಪಿನ ಆಯಿಲ್ ಪೇಂಟ್ ಇತ್ತು, ಇಲ್ಲವೇ ಕುಂಡಕ್ಕೆ ಮೊದಲೇ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಇತ್ತು. ಬಣ್ಣ ಎದ್ದ ಜಾಗಕ್ಕೆ ಒಂದು ಹನಿ ನೀರು ಬಿಟ್ಟು ನೋಡಿ. ಬರೀ ಮಣ್ಣಾದರೆ ಹನಿಯನ್ನು ಕೂಡಲೇ ಕುಡಿಯುತ್ತದೆ. ಹನಿ ಮುತ್ತಿನಂತೆ ಕೂತರೆ ಮೇಲೆ ಏನೋ ಇದೆ ಅಂತ ಅರ್ಥ. ಹಳೆಯ ಬಣ್ಣ ಯಾವ ಜಾತಿ ಅಂತ ತಿಳಿಯಲು ಹತ್ತಿಗೆ ಸ್ಯಾನಿಟೈಸರ್ ಹಾಕಿ ಅರ್ಧ ನಿಮಿಷ ಉಜ್ಜಿ. ಬಣ್ಣ ಹತ್ತಿಗೆ ಬಂದರೆ ನೀರಿನ ಬಣ್ಣ, ಅಂದರೆ ಅಕ್ರಿಲಿಕ್ ಅಥವಾ ಎಮಲ್ಷನ್. ಬರದಿದ್ದರೆ ಬಹುಪಾಲು ಆಯಿಲ್ ಪೇಂಟ್. ಹೊಳೆಯುವ ಆಯಿಲ್ ಪೇಂಟಿನ ಮೇಲೆ ಅಕ್ರಿಲಿಕ್ ನೇರವಾಗಿ ಕೂರುವುದಿಲ್ಲ. 220 ನಂಬರಿನ ಉಪ್ಪು ಕಾಗದದಲ್ಲಿ (ಸ್ಯಾಂಡ್‌ಪೇಪರ್) ನೀರು ಹಾಕಿ ಒದ್ದೆಯಲ್ಲೇ ಹೊಳಪು ಹೋಗುವ ತನಕ ಉಜ್ಜಿ, ಒರೆಸಿ, ಒಣಗಿಸಿ, ಪ್ರೈಮರ್ (ಬಣ್ಣಕ್ಕೆ ಹಿಡಿತ ಕೊಡುವ ಮೊದಲ ಪದರ) ಹಾಕಿ, ಆಮೇಲೆ ಬಣ್ಣ. ಬರೀ ಒದ್ದೆ ಬೆರಳಿಗೇ ಬಣ್ಣ ಬಂದರೆ ಅದು ಮಕ್ಕಳ ಪೋಸ್ಟರ್ ಕಲರ್. ಕಾಗದದ ಮೇಲೆ ಅದು ಚೆಂದ, ಬಾಲ್ಕನಿಯಲ್ಲಿ ಒಂದು ಎರಚಲಿಗೆ ಹೋಗುತ್ತದೆ.

ಬೆನ್ನಿಗೆ ಬಿಳಿ ಹರಳು, ಸಕ್ಕರೆ ಪುಡಿ ಉದುರಿಸಿದ ಹಾಗೆ ಅಂಟಿದೆಯೇ? ಅದು ಉಪ್ಪು. ಮಣ್ಣಿನಲ್ಲಿದ್ದ, ಗೊಬ್ಬರದಲ್ಲಿದ್ದ ಉಪ್ಪು ನೀರಿನ ಜೊತೆ ಗೋಡೆ ದಾಟಿ ಬಂದು, ಬಣ್ಣದ ಹಿಂದೆ ಒಣಗಿ ಹರಳಾಗಿ ಬಣ್ಣವನ್ನು ಎತ್ತಿದೆ.

ಇನ್ನೊಂದು ವಿಚಿತ್ರ ಇದೆ. ಬಣ್ಣದ ಜೊತೆ ಕುಂಡದ ಚೂರೂ ಕಿತ್ತು ಬಂದು, ಸಣ್ಣ ಕುಳಿ ಬಿದ್ದು, ಕುಳಿಯ ತಳದಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಕಂಡರೆ ಅದು ಸುಣ್ಣದ ಕಲ್ಲು. ಜೇಡಿಮಣ್ಣಿನಲ್ಲಿ ಸೇರಿಕೊಂಡಿದ್ದ ಸುಣ್ಣಕಲ್ಲಿನ ಹರಳು ಗೂಡಿನಲ್ಲಿ ಸುಟ್ಟು ಸುಣ್ಣವಾಗುತ್ತದೆ. ಆಮೇಲೆ ತೇವ ಕುಡಿದು ಉಬ್ಬಿ ಮೇಲಿನ ಮಣ್ಣನ್ನೇ ಒಡೆಯುತ್ತದೆ. ಇದಕ್ಕೆ ನೀವೂ ಹೊಣೆ ಅಲ್ಲ, ಬಣ್ಣವೂ ಅಲ್ಲ. ಬಿಳಿ ಚುಕ್ಕೆ ಕೆರೆದು ತೆಗೆದು, ಕುಳಿಗೆ ಪುಟ್ಟಿ ತುಂಬಿ, ಉಜ್ಜಿ, ಅಷ್ಟು ಜಾಗಕ್ಕೆ ಬಣ್ಣ ಕೊಡಿ.

ಗುಳ್ಳೆ: ನೀರು ಎಲ್ಲಿಂದ ಬಂತು?

ಮಣ್ಣಿನ ಕುಂಡ ಉಸಿರಾಡುತ್ತದೆ ಅಂತಾರಲ್ಲ, ಅದರ ಅರ್ಥ ಇಷ್ಟೇ: ಒಳಗಿನ ನೀರು ಗೋಡೆಯ ಸಣ್ಣ ತೂತುಗಳ ಮೂಲಕ ಹೊರಗೆ ಬಂದು ಆರುತ್ತದೆ. ಮಡಕೆಯ ನೀರು ತಂಪಾಗಿರುವುದೂ ಇದರಿಂದಲೇ. ಈಗ ಹೊರಗೋಡೆಗೆ ದಪ್ಪ ಬಣ್ಣ, ಅದರ ಮೇಲೆ ವಾರ್ನಿಷ್ ಬಳಿದು ದಾರಿ ಮುಚ್ಚಿದಿರಿ. ಒಳಗೋಡೆ ಮಾತ್ರ ಬರಿದು. ನೀರು ಒಳಗಿನಿಂದ ಬರುತ್ತಲೇ ಇರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಬಿಸಿಲು ಬಿದ್ದಾಗ ಆವಿಯಾಗಿ ಬಣ್ಣವನ್ನು ತಳ್ಳುತ್ತದೆ. ಗುಳ್ಳೆ ಅಂದರೆ ಇದು.

ಹಾಗಾದರೆ ಹೊಸ ಗುಳ್ಳೆಯೊಂದನ್ನು ಸೂಜಿಯಲ್ಲಿ ಚುಚ್ಚಿ ನೋಡಿ. ಒಳಗೆ ಒದ್ದೆ ಇದ್ದರೆ ನೀರು ಒಳಗಿನಿಂದ ಬರುತ್ತಿದೆ. ಒಣಗಿದ್ದರೆ ಬಿಸಿಲಲ್ಲಿ ಕಾದ ಕುಂಡದ ಮೇಲೆ ಬಣ್ಣ ಹಚ್ಚಿದ್ದಿರಬಹುದು. ಮೇಲ್ಪದರ ಬೇಗ ಒಣಗಿ ಗಾಳಿ ಒಳಗೆ ಸಿಕ್ಕಿಕೊಂಡಿದೆ. ಇನ್ನೂ ಅನುಮಾನ ಇದ್ದರೆ ಬಣ್ಣ ಹೋದ ಜಾಗಕ್ಕೆ ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪು ಹಚ್ಚಿ, ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಇದ್ದರೆ ಗೋಡೆ ನೀರು ಬಿಡುತ್ತಿದೆ. ಹೊರಮೈ ಒದ್ದೆ, ಒಳಮೈ ಒಣ ಅಂತಾದರೆ ಅದು ಗಾಳಿಯ ತೇವ. ಅಡುಗೆಮನೆಯ ಬಾಣಲೆ ತಿಕ್ಕುವಷ್ಟು ಕಷ್ಟವೂ ಇಲ್ಲದ ಪರೀಕ್ಷೆ ಇದು, ಆದರೂ ಯಾರೂ ಮಾಡುವುದಿಲ್ಲ.

ಪರಿಹಾರಕ್ಕೆ ಮೂರು ದಾರಿ ಇವೆ. ನನ್ನ ಆಯ್ಕೆ ಮೊದಲನೆಯದು.

ಗಿಡವನ್ನು ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲೇ ಬಿಟ್ಟು, ಅದನ್ನು ಬಣ್ಣದ ಕುಂಡದೊಳಗೆ ಇಳಿಸಿಬಿಡಿ. ಒದ್ದೆ ಮಣ್ಣು ಬಣ್ಣದ ಕುಂಡದ ಗೋಡೆಗೆ ತಾಗುವುದೇ ಇಲ್ಲ. ತಳಕ್ಕೆ ಇಟ್ಟಿಗೆ ಚೂರು ಹಾಕಿ, ಹೊರಗಿನ ಕುಂಡದ ತೂತು ತೆರೆದಿರಲಿ. ಬಣ್ಣ ಹಾಳಾದರೂ ಗಿಡ ಕೀಳದೆ ಕುಂಡ ಹೊರಗೆ ತೆಗೆಯಬಹುದು, ಅದೊಂದು ದೊಡ್ಡ ಅನುಕೂಲ.

ಎರಡನೆಯದು ಒಳಗೋಡೆಯನ್ನೂ ಮುಚ್ಚುವುದು. ಟೆರೇಸಿಗೆ ಹಚ್ಚುವ ನೀರಿನ ಆಧಾರದ ವಾಟರ್‌ಪ್ರೂಫ್ ಕೋಟಿಂಗ್ ಎರಡು ಕೋಟ್, ತೂತಿನ ಅಂಚೂ ಸೇರಿ. ಪೂರ್ತಿ ಗಟ್ಟಿಯಾಗಲು ಒಂದು ವಾರ ಬಿಟ್ಟು ಮಣ್ಣು ತುಂಬಿ. ಇಂಥ ಕುಂಡದಲ್ಲಿ ನೀರು ಬೇಗ ಆರುವುದಿಲ್ಲ. ಹಿಂದಿನ ಲೆಕ್ಕದಲ್ಲೇ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಮಣ್ಣಿಗೆ ಬೆರಳು ಹಾಕಿ ನೋಡಿ ನೀರು ಹಾಕಿ. ಕೊತ್ತಂಬರಿ, ಪುದೀನ ಬೆಳೆಯುವ ಕುಂಡಕ್ಕೆ ನಾನು ಒಳಗೆ ಏನೂ ಹಚ್ಚುವುದಿಲ್ಲ.

ಮೂರನೆಯದು ಹೊರಗೋಡೆಗೆ ಸ್ವಲ್ಪ ಆವಿ ಬಿಡುವ ಬಣ್ಣ. ಹೊರಗೋಡೆಗಳಿಗೆ ಬಳಸುವ ಎಕ್ಸ್‌ಟೀರಿಯರ್ ಎಮಲ್ಷನ್ ತೆಳುವಾಗಿ ಎರಡು ಕೋಟ್, ಮೇಲೆ ವಾರ್ನಿಷ್ ಬೇಡ. ಅಥವಾ ಇನ್ನೂ ಸರಳವಾಗಿ, ಪೂರ್ತಿ ಕುಂಡ ಬಳಿಯದೆ ಚಿತ್ತಾರ ಮಾತ್ರ ಬಿಡಿಸಿ. ಮುಕ್ಕಾಲು ಭಾಗ ಬರೀ ಮಣ್ಣಾಗಿಯೇ ಇದ್ದರೆ ನೀರಿಗೆ ದಾರಿ ಇರುತ್ತದೆ. ಇಲ್ಲಿ ಎಲ್ಲರೂ ಇಷ್ಟಪಡುವ ವಾರ್ಲಿ ಚಿತ್ತಾರಕ್ಕೆ ಇದೇ ಸರಿ. ಆದರೆ ಬಿಳಿಗೆ ಅಕ್ಕಿ ಹಿಟ್ಟು ಬಳಸಬೇಡಿ. ಪಾಲಘರ್, ಡಹಾಣು ಕಡೆಯ ವಾರ್ಲಿ ಮನೆಗಳಲ್ಲಿ ಅದು ಗುಡಿಸಲ ಗೋಡೆಗೆ ಬರೆಯುವ ಪದ್ಧತಿ. ನಿಮ್ಮ ಗ್ರಿಲ್ಲಿನ ಮೇಲೆ ಎರಚಲಿಗೆ ಇಟ್ಟರೆ ಅದು ಬೂಷ್ಟಿಗೆ ಊಟ.

ಗೋಡೆ ಹೀರದಿರಲಿ ಅಂತ ಮರಗೆಲಸದ ಬಿಳಿ ಅಂಟನ್ನು ನೀರಲ್ಲಿ ಕಲಸಿ ಬಳಿಯುವವರೂ ಇದ್ದಾರೆ. ಒಣಗಿದಾಗ ಪಾರದರ್ಶಕವಾಗಿ ಚೆನ್ನಾಗಿ ಕಾಣುತ್ತದೆ. ನೀರು ತಾಗಿದ ಕೂಡಲೇ ಮತ್ತೆ ಮೆತ್ತಗಾಗಿ ಬೆಳ್ಳಗಾಗುತ್ತದೆ. ಒಳಾಂಗಣದ ಪೆನ್ನು ಡಬ್ಬಿಗೆ ಸರಿ, ಗಿಡದ ಕುಂಡಕ್ಕೆ ಬೇಡವೇ ಬೇಡ.

ಬಿಳಿ ಅಂದರೆ ಯಾವ ಬಿಳಿ?

"ಕುಂಡ ಬೆಳ್ಳಗಾಗಿದೆ" ಅಂತ ಹೇಳಿದರೆ ಏನೂ ಗೊತ್ತಾಗುವುದಿಲ್ಲ. ಒಂದು ಹನಿ ನೀರು ಹಾಕಿ ನೋಡಿ.

ನೀರು ಹಾಕಿದ ಕೂಡಲೇ ಕಾಣೆಯಾಗಿ, ಒಣಗಿದ ಮೇಲೆ ಮತ್ತೆ ಬಂದರೆ ಉಪ್ಪು. ವಿನೆಗರ್ ಹಾಕಿದಾಗ ಗುಳುಗುಳು ಅಂತ ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶ ಇದೆ, ಗಡಸು ನೀರಿನ ಗುರುತು. ಪಾಲಿಕೆಯ ನೀರು ತಾನ್ಸಾ, ಭಾತ್ಸಾದಂಥ ಕೆರೆಗಳಿಂದ ಬರುವುದರಿಂದ ಅಷ್ಟು ಗಡಸಿಲ್ಲ. ಸೊಸೈಟಿಯಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನು ಗಿಡಕ್ಕೆ ಬಿಡುತ್ತಿದ್ದರೆ ಈ ಬಿಳಿ ಜಾಸ್ತಿ. ಗೊಬ್ಬರ ಕೈ ಬಿಟ್ಟು ಹಾಕುವವರಿಗೂ ಹಾಗೇ. ಉಪ್ಪನ್ನು ಮೊದಲು ಒಣ ಬ್ರಷ್‌ನಲ್ಲಿ ಉದುರಿಸಿ. ಮೊದಲೇ ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೆ ಹೋಗಿ ಕೂರುತ್ತದೆ. ಆಮೇಲೆ ಖಾಲಿ ಕುಂಡವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಒಂದೆರಡು ಸಲ ನೀರು ಬದಲಿಸಿ ಒಂದು ದಿನ ಬಿಡಿ.

ನೀರಿಗೆ ಜಗ್ಗದೆ, ಮಂಜು ಹಿಡಿದ ಕನ್ನಡಿಯ ಹಾಗೆ ಇಡೀ ಮೈ ಮಸುಕಾಗಿದ್ದರೆ, ಅದೂ ಸ್ಪ್ರೇ ಡಬ್ಬಿಯಲ್ಲಿ ಹೊಳಪು ಕೊಟ್ಟ ದಿನವೇ, ಅದು ಗಾಳಿಯ ತೇವದ ಕೆಲಸ. ಸ್ಪ್ರೇಯ ದ್ರಾವಕ ಬೇಗ ಹಾರುವಾಗ ಮೇಲ್ಮೈ ತಣ್ಣಗಾಗುತ್ತದೆ. ಆಗ ಗಾಳಿಯ ತೇವ ಅಲ್ಲೇ ಇಳಿದು ಪದರದಲ್ಲಿ ಸಿಕ್ಕಿಕೊಳ್ಳುತ್ತದೆ. ಜುಲೈಯಲ್ಲಿ ಸ್ಪ್ರೇ ಹೊಡೆದರೆ ಇದು ಆಗಿಯೇ ತೀರುತ್ತದೆ ಅಂದುಕೊಳ್ಳಿ. ಒಣ ದಿನ ನೋಡಿ ಅದೇ ಸ್ಪ್ರೇಯನ್ನು ಬಹಳ ತೆಳುವಾಗಿ ಇನ್ನೊಮ್ಮೆ ಹೊಡೆದರೆ ಎಷ್ಟೋ ಸಲ ಪದರ ಕರಗಿ, ಸಿಕ್ಕಿದ್ದ ತೇವ ಹೊರಟು ಮಸುಕು ತಿಳಿಯಾಗುತ್ತದೆ. ಹಾಗೇ, ಮಾರ್ಕರ್ ಪೆನ್ನಿನಲ್ಲಿ ಬರೆದ ಗೆರೆ ಸ್ಪ್ರೇ ಹೊಡೆದ ಮೇಲೆ ಹಬ್ಬಿದ್ದರೆ ಅದೂ ದ್ರಾವಕದ ತಪ್ಪೇ. ಅಂಥ ಗೆರೆಗಳ ಮೇಲೆ ನೀರಿನ ವಾರ್ನಿಷ್ ಬಳಸಿ.

ಬೂದು, ಹಸಿರು ಮಿಶ್ರಿತ ಬಿಳಿ, ಮುಟ್ಟಿದರೆ ಜಾರು, ಮೂಸಿದರೆ ಮುಗ್ಗಲು. ಅದು ಬೂಷ್ಟು, ಪಾಚಿ. ಬ್ಲೀಚಿಂಗ್ ನೀರಿನಲ್ಲಿ ಒರೆಸಿ ತೊಳೆಯಿರಿ. ಬ್ಲೀಚಿಗೆ ವಿನೆಗರ್ ಮಾತ್ರ ಸೇರಿಸಬೇಡಿ, ಕ್ಲೋರಿನ್ ವಿಷಗಾಳಿ ಏಳುತ್ತದೆ. ಕುಂಡಗಳನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ನಾಲ್ಕು ಬೆರಳು ಈಚೆ ತನ್ನಿ.

ಒಣಗದ ಬಣ್ಣ

ಮುಟ್ಟಿದರೆ ಅಂಟಂಟು, ಕೆಳಗೆ ಹಾಸಿದ ಪೇಪರಿನ ಸುದ್ದಿ ಕುಂಡದ ಮೇಲೆ ಅಚ್ಚಾಗಿದೆ. ಮಳೆಗಾಲದಲ್ಲಿ ಇದು ಮಾಮೂಲು. ನೀರಿನ ಬಣ್ಣ ಒಣಗುವುದು ನೀರು ಗಾಳಿಗೆ ಹೋಗಿ. ಗಾಳಿಯೇ ನೀರು ಕುಡಿದು ತುಂಬಿದ್ದರೆ ಎಲ್ಲಿಗೆ ಹೋಗಬೇಕು? ಡಬ್ಬದ ಮೇಲೆ 2 ಗಂಟೆ ಅಂತ ಬರೆದಿದ್ದರೂ ಇಲ್ಲಿ ಒಂದು ರಾತ್ರಿ ಕೊಡಿ. ಫ್ಯಾನ್ ಕೆಳಗೆ ಇಡಿ.

ಆಯಿಲ್ ಪೇಂಟಿನ ಕತೆ ಬೇರೆ. ಅದು ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗುತ್ತದೆ. ದಪ್ಪ ಹಚ್ಚಿದರೆ ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಹಸಿಯಾಗಿ ಉಳಿಯುತ್ತದೆ, ಆಮೇಲೆ ಸುಕ್ಕು. ಸುಕ್ಕು ಬಿದ್ದದ್ದು ಕಾದರೆ ಸರಿಹೋಗುವುದಿಲ್ಲ. ಕೆರೆದು ತೆಗೆದು ತೆಳುವಾಗಿ ಹಚ್ಚಬೇಕು.

ಮಣ್ಣಿನದಲ್ಲದ ಕುಂಡಗಳು

ಪ್ಲಾಸ್ಟಿಕ್ ಕುಂಡದ ತಳದಲ್ಲಿ ತ್ರಿಕೋನದೊಳಗೆ 5 ಅಥವಾ 2 ಇದ್ದರೆ ಅದು ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್. ಇವು ಬಣ್ಣವನ್ನು ಹತ್ತಿರ ಸೇರಿಸುವುದಿಲ್ಲ. ಒಣಗಿದ ಮೇಲೆ ಇಡೀ ಬಣ್ಣ ಬಲೂನಿನ ರಬ್ಬರಿನಂತೆ ಸುಲಿದು ಬರುತ್ತದೆ. ಉಪ್ಪು ಕಾಗದದಲ್ಲಿ ಒರಟು ಮಾಡಿ, ಪ್ಲಾಸ್ಟಿಕ್‌ಗೆ ಅಂತಲೇ ಇರುವ ಪ್ರೈಮರ್ ಹಾಕಿದರೆ ನಿಲ್ಲಬಹುದು. ಅಷ್ಟು ಖರ್ಚಿಗೆ ಎರಡು ಮಣ್ಣಿನ ಕುಂಡ ಬರುತ್ತದೆ.

ಸಿಮೆಂಟ್ ಕುಂಡಕ್ಕೆ ಆಯಿಲ್ ಪೇಂಟ್ ಹಚ್ಚಿ ಅದು ಜಿಗುಟಾಗಿ, ಸೋಪಿನಂತೆ ಜಾರುತ್ತಿದ್ದರೆ ಅದು ನಿಜಕ್ಕೂ ಸೋಪೇ. ಹಸಿ ಸಿಮೆಂಟಿನ ಕ್ಷಾರ ಬಣ್ಣದ ಎಣ್ಣೆಯನ್ನು ಸೋಪು ಮಾಡಿದೆ. ಹೊಸ ಸಿಮೆಂಟ್ ಕುಂಡವನ್ನು 28 ದಿನ ಬಿಟ್ಟು, ನೆನೆಸಿ ತೊಳೆದು, ಒಣಗಿಸಿ, ಎಮಲ್ಷನ್ನನ್ನೇ ಹಚ್ಚಿ.

ಎಣ್ಣೆ ಡಬ್ಬಿಯ ಕುಂಡದಲ್ಲಿ ಬಣ್ಣದ ಅಂಚಿಗೆ ಕಂದು ಕಲೆ ಬಂದರೆ ತುಕ್ಕು. ಕೆರೆದು, ರೆಡ್ ಆಕ್ಸೈಡ್ ಪ್ರೈಮರ್ ಹಾಕಿ. ತಳದ ತೂತಿನ ಕತ್ತರಿಸಿದ ಅಂಚಿಗೂ ಹಾಕಿ, ತುಕ್ಕು ಶುರುವಾಗುವುದೇ ಅಲ್ಲಿ.

ಮತ್ತೆ ಹಚ್ಚುವ ಮುಂಚೆ

ಇಡೀ ಕುಂಡ ಕೆರೆಯಬೇಕೇ, ಎದ್ದಷ್ಟೇ ಸಾಕೇ? ಗಟ್ಟಿ ಇರುವ ಹಾಗೆ ಕಾಣುವ ಜಾಗದಲ್ಲಿ ಬ್ಲೇಡಿನಿಂದ ಗುಣಿಸುವ ಗುರುತು ಹಾಕಿ, ಅದರ ಮೇಲೆ ಸೆಲೋಟೇಪು ಒತ್ತಿ ಅಂಟಿಸಿ, ಒಂದೇ ಏಟಿಗೆ ಎಳೆಯಿರಿ. ಟೇಪಿಗೆ ಬಣ್ಣ ಬಂದರೆ ಪೂರ್ತಿ ಕೆರೆಯಿರಿ. ಬರದಿದ್ದರೆ ಎದ್ದ ಜಾಗ ಮಾತ್ರ ಕೆರೆದು, ಅಂಚನ್ನು ಉಜ್ಜಿ ಸಮ ಮಾಡಿದರೆ ಸಾಕು.

ಹಳೆಯ ಆಯಿಲ್ ಪೇಂಟನ್ನು ಒಣಗಿದ್ದಾಗ ಉಜ್ಜಬೇಡಿ. ಭಾರತದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಜಾಸ್ತಿ ಇರಬಹುದು. ನೀರು ಹಾಕಿ ಒದ್ದೆಯಲ್ಲೇ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಕಳಿಸಿ, ಕೆರೆದದ್ದನ್ನು ಕುಂಡದ ಮಣ್ಣಿಗೆ ಬೀಳಿಸಬೇಡಿ.

ಇನ್ನು ಒಣಗಿತೇ ಅನ್ನುವ ಪ್ರಶ್ನೆ. ನೆನೆದ ಕುಂಡ ಹೊರಗೆ ಒಣಗಿದ ಹಾಗೆ ಕಂಡರೂ ಗೋಡೆಯೊಳಗೆ ನೀರು ಇರುತ್ತದೆ. ಕಣ್ಣನ್ನು ನಂಬಬೇಡಿ, ತಕ್ಕಡಿಯನ್ನು ನಂಬಿ. ಅಡುಗೆಮನೆಯ ತಕ್ಕಡಿ ಇದ್ದರೆ ಸಣ್ಣ ಕುಂಡಕ್ಕೆ ಸಾಕು, ದೊಡ್ಡದಕ್ಕೆ ಲಗೇಜ್ ತೂಗುವ ಕೊಕ್ಕೆ. ಬೆಳಿಗ್ಗೆ ತೂಗಿ, ಬಿಸಿಲಿಗಿಟ್ಟು ಸಂಜೆ ತೂಗಿ. ತೂಕ ಇಳಿಯುತ್ತಿದ್ದರೆ ನೀರು ಇನ್ನೂ ಹೋಗುತ್ತಿದೆ. ಎರಡು ದಿನ ತೂಕ ಹಾಗೇ ನಿಂತರೆ ಬಣ್ಣದ ಡಬ್ಬ ತೆಗೆಯಬಹುದು. ಬೇಗ ಆಗಲಿ ಅಂತ ಒದ್ದೆ ಕುಂಡವನ್ನು ಬಿಸಿ ಓವನ್ನಿಗೆ ಇಡಬೇಡಿ, ಸೀಳಿಬಿಡುತ್ತದೆ.

ಮುಂಬಯಿಯಲ್ಲಿ ಮಳೆ ನಿಂತ ಮೇಲಿನ ಅಕ್ಟೋಬರ್ ಬಿಸಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಜುಲೈಯಲ್ಲಿ ಎದ್ದ ಗುಳ್ಳೆಯನ್ನು ಜುಲೈಯಲ್ಲೇ ಸರಿಮಾಡಲು ಹೋಗಬೇಡಿ. ಎದ್ದದ್ದನ್ನು ಕೆರೆದು, ಕುಂಡವನ್ನು ಬರೀ ಮೈಯಲ್ಲಿ ಬಿಟ್ಟುಬಿಡಿ. ನವರಾತ್ರಿ ಹೊತ್ತಿಗೆ ತೊಳೆದು ಒಣಗಲು ಇಟ್ಟರೆ ಉತ್ಥಾನ ದ್ವಾದಶಿಯ ತುಳಸಿ ಪೂಜೆಗೆ ಸರಿಯಾಗಿ ಸಿದ್ಧವಾಗುತ್ತದೆ. ತುಳಸಿಯನ್ನು ಕುಂಡದಿಂದ ಕೀಳಲು ಮನಸ್ಸಿಲ್ಲದಿದ್ದರೆ ಎರಡು ದಿನ ನೀರು ಕಡಿಮೆ ಮಾಡಿ, ಚಿತ್ತಾರ ಮಾತ್ರ ಬಿಡಿಸಿ. ಗಿಡ ಇರುವ ಕುಂಡದ ಗೋಡೆ ಪೂರ್ತಿ ಒಣಗುವುದೇ ಇಲ್ಲ, ಅದಕ್ಕೆ ಪೂರ್ತಿ ಬಣ್ಣ ಬಳಿದರೆ ಮುಂದಿನ ಜೂನ್‌ಗೆ ಮತ್ತೆ ಸೂಜಿ ಹಿಡಿದು ಕೂರಬೇಕಾಗುತ್ತದೆ.